ಅಲ್ಲಿನ ಖಾತೆ ಮೊದಲೋ, ಇಲ್ಲಿನ ಖಾತೆ ಮೊದಲೋ?

ತಿಕೋಟಾ, ಬಬಲೇಶ್ವರ ಕಡೆ ಏಪ್ರಿಲ್ ಮುಗಿಯುವ ಹೊತ್ತಿಗೆ ದ್ರಾಕ್ಷಿ ಒಣಗಿ ಮಣೂಕವಾಗಿರುತ್ತದೆ. ಕೆಲವರು ಕೋಲ್ಡ್ ಸ್ಟೋರೇಜಿಗೆ ಹಾಕಿ ದರಕ್ಕಾಗಿ ಕಾಯುತ್ತಾರೆ, ಕೆಲವರು ತಾಸಗಾಂವ್, ಸಾಂಗ್ಲಿ ಪೇಟೆಗೆ ಕಳಿಸುತ್ತಾರೆ. ದಲಾಲರ ಪಟ್ಟಿ ಬಂದು ದುಡ್ಡು ಕೈಸೇರುವ ಕಾಲಕ್ಕೇ, ಸೆಪ್ಟೆಂಬರಿಗೆ ಶುರುವಾಗುವ ವಿದೇಶದ ಕೋರ್ಸುಗಳ ಪ್ರವೇಶ ಪತ್ರಗಳೂ ಮನೆಗೆ ಬರತೊಡಗುತ್ತವೆ. ವಿಜಯಪುರದಲ್ಲಿ ವ್ಯಾಪಾರಕ್ಕೆಂದು ಬಂದು ನೆಲೆಸಿದ ನಮ್ಮವರ ಮನೆಗಳಲ್ಲೂ, ಅಲ್ ಅಮೀನ್ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳನ್ನು ಓದಿಸುವ ಕರಾವಳಿಯ ಮನೆಗಳಲ್ಲೂ ಆಗ ಏಳುವ ಪ್ರಶ್ನೆ ಒಂದೇ: ಹೋಗುವ ಮೊದಲೇ ಅಲ್ಲಿ ಬ್ಯಾಂಕ್ ಖಾತೆ ತೆಗೆಸಬೇಕಾ? ಯಾರು ತೆಗೆಸಿ ಕೊಡುತ್ತಾರೆ?

ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ಏಜೆಂಟರು ತುದಿಗಾಲಲ್ಲಿ ನಿಂತಿರುತ್ತಾರೆ. "ಖಾತೆ, ವೀಸಾ, ರೂಮು ಎಲ್ಲಾ ನಾವೇ ಮಾಡಿಸ್ತೀವಿ, ದುಡ್ಡು ನಮ್ಮ ಅಕೌಂಟಿಗೆ ಹಾಕಿಬಿಡ್ರಿ" ಎನ್ನುವ ಮಾತು ಕೇಳಲು ಹಿತವಾಗಿಯೇ ಇರುತ್ತದೆ. ಮೊದಲ ಪ್ರಶ್ನೆಗೆ ಮಾತ್ರ ಒಂದೇ ಉತ್ತರ ಇಲ್ಲ. ಯಾವ ದೇಶ, ಯಾಕೆ ಹೋಗುವುದು ಎಂಬುದರ ಮೇಲೆ ಅದು ಬದಲಾಗುತ್ತದೆ.

ಗಲ್ಫಿನಿಂದಲೇ ಶುರುಮಾಡೋಣ, ನಮ್ಮಲ್ಲಿ ಹೆಚ್ಚಿನವರ ದಾರಿ ಅದೇ ತಾನೆ. ಕೆಲಸಕ್ಕೆಂದು ದುಬೈಗೋ ಜಿದ್ದಾಕ್ಕೋ ಹೋಗುವ ಹುಡುಗ ಇಲ್ಲಿಂದಲೇ ಅಲ್ಲಿ ಸಂಬಳದ ಖಾತೆ ತೆರೆಯುವ ಅಗತ್ಯವಿಲ್ಲ. ತೆರೆಯುತ್ತೇನೆಂದರೂ ಸಾಮಾನ್ಯವಾಗಿ ಆಗುವುದಿಲ್ಲ. ಯುಎಇಯಲ್ಲಿ ಬ್ಯಾಂಕು ಕೇಳುವುದು ಎಮಿರೇಟ್ಸ್ ಐಡಿ, ಸೌದಿಯಲ್ಲಿ ಕೇಳುವುದು ಇಕಾಮಾ. ಇವೆರಡೂ ಅಲ್ಲಿಗೆ ಇಳಿದ ಮೇಲೆ, ಮೆಡಿಕಲ್ ಮುಗಿದು, ಬೆರಳಚ್ಚು ಕೊಟ್ಟ ಮೇಲೆ ಸಿಗುವಂಥವು. ಸಂಬಳವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಪಾವತಿಸಬೇಕು, ಸರಕಾರಕ್ಕೆ ಲೆಕ್ಕ ಕಾಣಬೇಕು ಎಂಬ ವೇತನ ರಕ್ಷಣಾ ವ್ಯವಸ್ಥೆಯನ್ನು ಯುಎಇ 2009ರಲ್ಲಿ ತಂದಿತು, ಸೌದಿ 2013ರಲ್ಲಿ. ಹಾಗಾಗಿ ಖಾತೆಯೋ ಸಂಬಳದ ಕಾರ್ಡೋ ಕಂಪೆನಿಯ ಕಡೆಯಿಂದಲೇ ಆಗುತ್ತದೆ. ಗಲ್ಫ್ ಕೆಲಸಕ್ಕೆ "ಮುಂಗಡ ಖಾತೆ"ಯ ಹೆಸರಲ್ಲಿ ಇಲ್ಲಿ ಯಾರಾದರೂ ಹಣ ಕೇಳಿದರೆ ಅಲ್ಲೇ ನಿಂತು ಎರಡು ಬಾರಿ ಯೋಚಿಸಬೇಕು. ನೋಂದಾಯಿತ ನೇಮಕಾತಿ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕವೇ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಏಜೆಂಟನ ನೋಂದಣಿ ಇದೆಯೋ ಇಲ್ಲವೋ ಎಂದು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಹಾಗಾದರೆ ಗಲ್ಫಿಗೆ ಹೋಗುವವನು ವಿಮಾನ ಹತ್ತುವ ಮೊದಲು ಸರಿಮಾಡಿಕೊಳ್ಳಬೇಕಾದ ಖಾತೆ ಇಲ್ಲಿನದು. ಇದನ್ನು ಮಾತ್ರ ಹೆಚ್ಚಿನವರು ಮಾಡುವುದಿಲ್ಲ. ಎಪ್ಪತ್ತರ ದಶಕದ ತೈಲದ ಕಾಲದಿಂದಲೂ ಗಲ್ಫ್ ಕಂಡ ಕರಾವಳಿಯವರಾದ ನಾವೇ ಇವತ್ತಿಗೂ ಹಳೆಯ ಉಳಿತಾಯ ಖಾತೆಗೆ ದಿರ್ಹಮಿನ ದುಡ್ಡು ಹಾಕಿಕೊಂಡು ಕೂತಿರುತ್ತೇವೆ. ಇನ್ನು ವಿಜಯಪುರದ ಹುಡುಗರನ್ನು ದೂರಿ ಏನು ಪ್ರಯೋಜನ?

ಫೆಮಾ ಕಾಯ್ದೆಯ ಪ್ರಕಾರ ಕೆಲಸಕ್ಕೆಂದು ದೇಶ ಬಿಟ್ಟವನು ಬಿಟ್ಟ ದಿನದಿಂದಲೇ ಅನಿವಾಸಿ. 182 ದಿನ ಕಾಯಬೇಕು ಎಂದು ಹಲವರು ನಂಬಿದ್ದಾರೆ. ಆ ದಿನಗಳ ಲೆಕ್ಕ ಆದಾಯ ತೆರಿಗೆಯದು, ಖಾತೆಯದಲ್ಲ. ಅನಿವಾಸಿಯಾದವನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂದು ಬದಲಾಯಿಸಬೇಕು. ಅಲ್ಲಿ ದುಡಿದ ಹಣ ಕಳಿಸಲು ಎನ್‌ಆರ್‌ಇ ಖಾತೆ ಬೇರೆಯಾಗಿ ತೆರೆಯಬೇಕು. ವ್ಯತ್ಯಾಸ ಸಣ್ಣದಲ್ಲ. ಎನ್‌ಆರ್‌ಇಯಲ್ಲಿರುವ ಹಣವನ್ನು ಯಾವಾಗ ಬೇಕಾದರೂ ಪೂರ್ತಿಯಾಗಿ ಹೊರಗೆ ಒಯ್ಯಬಹುದು, ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಎನ್‌ಆರ್‌ಒ ಇರುವುದು ಇಲ್ಲಿನ ಬಾಡಿಗೆ, ತೋಟದ ಉತ್ಪನ್ನ, ಅಂಗಡಿಯ ಪಾಲು ಇಂಥ ರೂಪಾಯಿ ಆದಾಯಕ್ಕೆ. ಅದರ ಬಡ್ಡಿಯಿಂದ ಶೇ. 30 ಮತ್ತು ಸೆಸ್ ಮೊದಲೇ ಮುರಿದುಕೊಳ್ಳುತ್ತಾರೆ, ಹೊರಗೆ ಒಯ್ಯಲು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿ ಮತ್ತು ಒಂದಷ್ಟು ಕಾಗದಪತ್ರ. ದುಬೈಯ ದುಡಿಮೆಯೂ ಅಪ್ಪನ ಮಣೂಕದ ದುಡ್ಡೂ ಒಂದೇ ಖಾತೆಯಲ್ಲಿ ಬೆರೆತರೆ, ನಾಳೆ ಮನೆ ಕೊಳ್ಳುವಾಗಲೋ ಹಣ ಹೊರಗೆ ಒಯ್ಯುವಾಗಲೋ ಯಾವುದು ಯಾವುದರದ್ದು ಎಂದು ಬಿಡಿಸಿ ತೋರಿಸುವುದು ತಲೆನೋವಿನ ಕೆಲಸ. ವೀಸಾ ಮತ್ತು ಉದ್ಯೋಗ ಪತ್ರ ತೋರಿಸಿ ಹೊರಡುವ ಮೊದಲೇ ಅರ್ಜಿ ಕೊಡುವ ಅನುಕೂಲ ಹಲವು ಬ್ಯಾಂಕುಗಳಲ್ಲಿದೆ. ಅಲ್ಲಿಗೆ ಹೋದ ಮೇಲಾದರೆ ಪ್ರತಿ ಕಾಗದವನ್ನೂ ದೃಢೀಕರಿಸಿ ಕಳಿಸಬೇಕು, ರಜೆ ಸಿಗುವವರೆಗೆ ಕಾಯಬೇಕು.

ಮನೆಯಲ್ಲಿ ಉಳಿಯುವವರ ಕೈಗೆ ಹಣ ಹೇಗೆ ಸಿಗಬೇಕು ಎಂಬುದೂ ಆಗಲೇ ತೀರ್ಮಾನವಾಗಲಿ. ಎನ್‌ಆರ್‌ಇ ಖಾತೆಗೆ ಊರಲ್ಲಿರುವ ಹತ್ತಿರದ ಸಂಬಂಧಿಯನ್ನು ಜಂಟಿ ಮಾಡಬಹುದು, ಆದರೆ "ಮೊದಲಿನವರು ಅಥವಾ ಬದುಕುಳಿದವರು" ಎಂಬ ಶರತ್ತಿನ ಮೇಲೆ ಮಾತ್ರ. ಅಂದರೆ ಗಂಡ ಬದುಕಿರುವಾಗ ಹೆಂಡತಿ ಆ ಖಾತೆಯನ್ನು ನಡೆಸುವುದು ಅಧಿಕಾರ ಪತ್ರದ ಬಲದಿಂದಷ್ಟೇ. ಊರಿನ ಖರ್ಚಿಗೆ ತೆಗೆಯಬಹುದು, ಅದರಿಂದ ಯಾರಿಗೂ ಉಡುಗೊರೆ ಕೊಡುವಂತಿಲ್ಲ. ಇದಕ್ಕಿಂತ ಸರಳವಾದದ್ದು, ಹೆಂಡತಿಯ ಅಥವಾ ಉಮ್ಮನ ಸ್ವಂತ ಹೆಸರಲ್ಲಿ ಒಂದು ಮಾಮೂಲಿ ಖಾತೆ, ಅದರ ಎಟಿಎಂ ಕಾರ್ಡ್ ಅವರ ಕೈಯಲ್ಲೇ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಅವರದ್ದೇ. ತಿಂಗಳ ಖರ್ಚಿನ ಹಣ ಅಲ್ಲಿಗೆ, ಉಳಿತಾಯ ಎನ್‌ಆರ್‌ಇಗೆ. ಅಣ್ಣನ ಖಾತೆಗೋ ಭಾವನ ಖಾತೆಗೋ ಹಾಕಿ ಅಲ್ಲಿಂದ ಮನೆಯ ಹೆಂಗಸರು ಕೇಳಿ ಪಡೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದರಿಂದ ಎಷ್ಟು ಮನೆಗಳಲ್ಲಿ ಮಾತು ಬಿಟ್ಟಿದೆ ಎಂದು ಹೇಳುವುದು ಬೇಡ, ಓದುವವರಿಗೇ ಗೊತ್ತು.

ಹಳೆಯ ಪಾಸ್‌ಬುಕ್ ಕೈಯಲ್ಲಿಟ್ಟುಕೊಂಡು ಅಲ್ಲಿಂದ ಹಣ ಕಳಿಸುವವರಿಗೆ ಇನ್ನೊಂದು ಮಾತು. 1906ರಲ್ಲಿ ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 2020ರ ಏಪ್ರಿಲ್‌ನಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ. ವಿಜಯಪುರದ ಹಳ್ಳಿಗಳಿಗೂ ನಮ್ಮ ಮಂಗಳೂರಿಗೂ ಇಲ್ಲೊಂದು ನಂಟಿದೆ: ಬಿಜಾಪುರ ಗ್ರಾಮೀಣ ಬ್ಯಾಂಕ್ ಮತ್ತು ನಮ್ಮ ನೇತ್ರಾವತಿ ಗ್ರಾಮೀಣ ಬ್ಯಾಂಕ್ ಎರಡೂ 2005ರಲ್ಲಿ ಒಂದಾಗಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆದವು, 2025ರ ಮೇ 1ರಿಂದ ಅದೂ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಹೋಯಿತು. ಹೀಗೆ ವಿಲೀನವಾದಾಗ ಐಎಫ್‌ಎಸ್‌ಸಿ ಕೋಡ್ ಬದಲಾಗುತ್ತದೆ. ಹೊರಡುವ ಮೊದಲು ಶಾಖೆಗೆ ಹೋಗಿ ಈಗಿನ ಕೋಡ್, ಸ್ವಿಫ್ಟ್ ಕೋಡ್ ಬರೆಸಿಕೊಂಡು, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಖಾತೆಯಲ್ಲೂ ಹೆಸರು ಇದೆಯೇ ಎಂದು ನೋಡಿಕೊಂಡರೆ ಮುಗಿಯಿತು. ಮೊಹಮ್ಮದ್, ಮುಹಮ್ಮದ್, ಎಂ.ಡಿ. ಎಂದು ಮೂರು ಕಾಗದದಲ್ಲಿ ಮೂರು ಥರ ಇರುವ ಹೆಸರು ನಮ್ಮ ಮನೆಗಳಲ್ಲಿ ಹೊಸದೇನಲ್ಲ.

ಈಗ ಓದಲು ಹೋಗುವವರ ವಿಷಯ. ಇಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ, ಏಕೆಂದರೆ ಕೆಲವು ದೇಶಗಳಿಗೆ ವೀಸಾ ಅರ್ಜಿಯ ಜೊತೆಗೇ ಅಲ್ಲಿ ಹಣ ಇಟ್ಟ ಪುರಾವೆ ಬೇಕು. ಜರ್ಮನಿಗೆ ಸಾಮಾನ್ಯವಾಗಿ ತೋರಿಸುವುದು ತಡೆಹಿಡಿದ ಖಾತೆ: ವರ್ಷಕ್ಕೆ 11,904 ಯೂರೋ ಮೊದಲೇ ತುಂಬಬೇಕು, ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಮಾತ್ರ ಕೈಗೆ ಬರುತ್ತದೆ. ಇದನ್ನು ಊರಲ್ಲಿ ಕೂತೇ ಆನ್‌ಲೈನಿನಲ್ಲಿ ತೆರೆಯಬಹುದು. ಕೆನಡಾದ್ದು ಜಿಐಸಿ ಎಂಬ ಠೇವಣಿ. ಬದುಕಿನ ಖರ್ಚಿಗೆ ತೋರಿಸಬೇಕಾದ ಮೊತ್ತ ಮೊದಲು 10,000 ಡಾಲರ್ ಇತ್ತು, 2024ರ ಜನವರಿಯಿಂದ 20,635 ಆಯಿತು, 2025ರ ಸೆಪ್ಟೆಂಬರ್ 1ರಿಂದ 22,895 ಕೆನಡಾ ಡಾಲರ್. ರೂಪಾಯಿಯಲ್ಲಿ ಹದಿನಾಲ್ಕು ಲಕ್ಷದ ಮೇಲೆ. ಕಾಲೇಜಿನ ಫೀಸು ಇದರಲ್ಲಿ ಸೇರಿಲ್ಲ. ಹಿಂದೆ ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ದಾರಿಗೆ ಜಿಐಸಿ ಕಡ್ಡಾಯವಾಗಿತ್ತು. ಆ ದಾರಿಯನ್ನೇ ಕೆನಡಾ 2024ರ ನವೆಂಬರ್ 8ರಂದು ಮುಚ್ಚಿತು. ಈಗ ಜಿಐಸಿ ಹಲವು ಪುರಾವೆಗಳಲ್ಲಿ ಒಂದು ಮಾತ್ರ. "ಕಡ್ಡಾಯ" ಎಂದು ಇನ್ನೂ ಹೇಳುವ ಏಜೆಂಟ್ ಹಳೆಯ ಪಾಠ ಒಪ್ಪಿಸುತ್ತಿದ್ದಾನೆ, ಅಥವಾ ಬೇರೇನೋ ಲೆಕ್ಕ ಹಾಕಿದ್ದಾನೆ.

ಇಲ್ಲಿ ಒಂದು ವಿಷಯವನ್ನು ಮನೆಯವರೆಲ್ಲ ಕೂತು ಅರ್ಥ ಮಾಡಿಕೊಳ್ಳಬೇಕು. ವೀಸಾ ಸಿಗದೇ ಹೋದರೆ ಈ ಹಣ, ಸಣ್ಣ ಶುಲ್ಕ ಕಳೆದು, ಹಿಂದಿರುಗುತ್ತದೆ. ಹಿಂದಿರುಗುವುದು ಸಾಮಾನ್ಯವಾಗಿ ಎಲ್ಲಿಂದ ಹೋಯಿತೋ ಅದೇ ಖಾತೆಗೆ. ಅಪ್ಪನ ಖಾತೆಯಿಂದ ಹೋಗಿದ್ದರೆ ಅಪ್ಪನಿಗೆ. ಏಜೆಂಟನ ಖಾತೆಯಿಂದ ಹೋಗಿದ್ದರೆ ಏಜೆಂಟನಿಗೆ. ತೋಟದ ಮೇಲೆ ಸಾಲ ಎತ್ತಿ, ಉಮ್ಮನ ಬಂಗಾರ ಅಡವಿಟ್ಟು ಕೂಡಿಸಿದ ಹದಿನಾಲ್ಕು ಲಕ್ಷ ಆಮೇಲೆ ಅವನ ದಾಕ್ಷಿಣ್ಯದ ಮೇಲೆ. ಅವನು ಒಳ್ಳೆಯವನೇ ಇರಬಹುದು. ಆದರೂ ಖಾತೆ ಹುಡುಗನ ಹೆಸರಲ್ಲಿರಲಿ, ಅದರ ಇಮೇಲ್, ಪಾಸ್‌ವರ್ಡ್ ಹುಡುಗನದ್ದೇ ಇರಲಿ, ಹಣ ಮನೆಯವರ ಬ್ಯಾಂಕಿನಿಂದ ನೇರ ಅಲ್ಲಿಗೆ ಹೋಗಲಿ. ಏಜೆಂಟನಿಗೆ ಅವನ ಶುಲ್ಕ ಕೊಡಿ, ರಸೀದಿ ಪಡೆಯಿರಿ.

ಬ್ರಿಟನ್ನಿನ ರೀತಿ ಬೇರೆ. ಅಲ್ಲಿಗೆ ಓದಲು ಹೋಗುವವನು ಅಲ್ಲಿ ಖಾತೆ ತೆರೆಯಬೇಕೆಂದಿಲ್ಲ; ಬೇಕಾದ ಹಣ ತನ್ನ ಅಥವಾ ತಂದೆತಾಯಿಯ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ಒಂದು ದಿನ ಕಡಿಮೆ ಬಿದ್ದರೂ ಅರ್ಜಿ ತಿರಸ್ಕೃತವಾಗಬಹುದು. ಮಣೂಕದ ದುಡ್ಡು ಬರುವ ದಿನ ಗೊತ್ತಿಲ್ಲದ ಮನೆಯಲ್ಲಿ ಈ 28 ದಿನದ ಲೆಕ್ಕ ಹಾಕದೆ ಟಿಕೆಟ್ ಮಾಡಿಸಬಾರದು. ಎಂಬಿಬಿಎಸ್ ಮುಗಿಸಿ ಅಲ್ಲಿನ ಆಸ್ಪತ್ರೆಗಳಿಗೆ ಹೋಗುವ ಡಾಕ್ಟರುಗಳಿಗೆ ಕಷ್ಟ ಬರುವುದು ಇಳಿದ ಮೇಲೆ: ಖಾತೆಗೆ ವಿಳಾಸದ ಪುರಾವೆ ಬೇಕು, ಮನೆ ಬಾಡಿಗೆಗೆ ಖಾತೆ ಬೇಕು. ಭಾರತದ ಕೆಲವು ಬ್ಯಾಂಕುಗಳ ಬ್ರಿಟನ್ ಸಂಸ್ಥೆಗಳು, ಕೆಲವು ಬಹುರಾಷ್ಟ್ರೀಯ ಬ್ಯಾಂಕುಗಳು ಇಲ್ಲಿಂದಲೇ ಅರ್ಜಿ ಪಡೆಯುತ್ತವೆ. ಮೊದಲ ಸಂಬಳದವರೆಗಿನ ಪರದಾಟ ತಪ್ಪಿಸಲು ಅದು ಒಳ್ಳೆಯದೇ.

ಹಣ ಹೊರಗೆ ಕಳಿಸುವುದಕ್ಕೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮವಿದೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು, ವಿದೇಶದಲ್ಲಿ ತನ್ನ ಹೆಸರಲ್ಲಿ ಖಾತೆಯನ್ನೂ ತೆರೆಯಬಹುದು. ಮಿತಿ ದೊಡ್ಡದೇ, ಆ ಭಯ ಬೇಡ. ಭಯ ಇರಬೇಕಾದದ್ದು ಸಣ್ಣ ಅಕ್ಷರಗಳ ಬಗ್ಗೆ. ಈ ಅವಕಾಶ ವ್ಯಕ್ತಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗೆ, ಟ್ರಸ್ಟಿಗೆ ಇಲ್ಲ. ಆದ್ದರಿಂದ ಅಣ್ಣತಮ್ಮಂದಿರು ಕೂಡಿ ನಡೆಸುವ ಹೋಟೆಲಿನ, ಬಟ್ಟೆ ಅಂಗಡಿಯ ಫರ್ಮ್ ಖಾತೆಯಿಂದ ನೇರ ಕಳಿಸಲಾಗದು; ಮೊದಲು ಸ್ವಂತ ಖಾತೆಗೆ ಬರಬೇಕು. ಓದಿನ ಖರ್ಚೆಂದು ತಂದೆತಾಯಿ ಕಳಿಸುವುದನ್ನು ಬ್ಯಾಂಕುಗಳು ಒಪ್ಪುತ್ತವೆ. ಆದರೆ ಮಾಮ ಇಲ್ಲಿಂದಲೇ ಹುಡುಗನ ವಿದೇಶಿ ಖಾತೆಗೆ ಡಾಲರಿನಲ್ಲಿ ಉಡುಗೊರೆ ಹಾಕುವುದು, ಹುಡುಗ ಇನ್ನೂ ಊರಲ್ಲೇ ಇರುವಾಗ, ನಿಯಮಕ್ಕೆ ವಿರುದ್ಧ. ಮಾಮನಿಗೆ ಕೊಡುವ ಮನಸ್ಸಿದ್ದರೆ ರೂಪಾಯಿಯಲ್ಲೇ ಹುಡುಗನ ಇಲ್ಲಿನ ಖಾತೆಗೆ ಹಾಕಲಿ, ಹುಡುಗ ತನ್ನ ಪ್ಯಾನ್ ಮೇಲೆ ಕಳಿಸಲಿ. ಸೋದರಮಾವ ಕೊಟ್ಟ ಹಣಕ್ಕೆ ತೆರಿಗೆಯೂ ಇಲ್ಲ.

ವರ್ಷಕ್ಕೆ ಒಬ್ಬರ ಪ್ಯಾನ್‌ನಲ್ಲಿ ಒಟ್ಟು 10 ಲಕ್ಷ ರೂಪಾಯಿ ದಾಟಿದ ಮೇಲೆ ಬ್ಯಾಂಕು ಟಿಸಿಎಸ್ ಎಂದು ಒಂದು ಪಾಲು ಮುರಿದುಕೊಳ್ಳುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಗೆರೆ 7 ಲಕ್ಷದಲ್ಲಿತ್ತು. ಓದಿಗೆ ದರ ಕಡಿಮೆ, ಬೇರೆ ಉದ್ದೇಶಗಳಿಗೆ ಹೆಚ್ಚು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಓದಿನ ಹಣಕ್ಕೆ ಟಿಸಿಎಸ್ ಇಲ್ಲ. ಇದು ಕಳೆದುಹೋದ ಹಣವಲ್ಲ. ಯಾರ ಪ್ಯಾನ್‌ನಿಂದ ಹೋಯಿತೋ ಅವರು ರಿಟರ್ನ್ ಸಲ್ಲಿಸಿದರೆ ತೆರಿಗೆಗೆ ವಜಾ ಆಗುತ್ತದೆ, ತೆರಿಗೆ ಇಲ್ಲದಿದ್ದರೆ ವಾಪಸು ಬರುತ್ತದೆ. ಅರ್ಜಿ ತುಂಬುವಾಗ ಉದ್ದೇಶದ ಕಲಮಿನಲ್ಲಿ ಗುಮಾಸ್ತರು ಏನು ಬರೆದರೆಂದು ನೋಡಿಯೇ ಸಹಿ ಹಾಕಿ.

ವಿಜಯಪುರದಲ್ಲಿ ಕರಾವಳಿಗಿಂತ ಹೆಚ್ಚು ಕಾಡುವ ತೊಡಕು ಇನ್ನೊಂದಿದೆ. ಇಲ್ಲಿ ದುಡ್ಡು ಇರುವುದು ಸೌಹಾರ್ದ ಸಹಕಾರಿಗಳಲ್ಲಿ, ಪತ್ತಿನ ಸಂಘಗಳಲ್ಲಿ. ಸಾಲ ಬೇಗ ಸಿಗುತ್ತದೆ, ಪಿಗ್ಮಿ ಕಟ್ಟಿಸಿಕೊಳ್ಳಲು ಮನೆಗೇ ಬರುತ್ತಾರೆ, ಪರಿಚಯದವರೇ ಕೂತಿರುತ್ತಾರೆ. ಆದರೆ ಅಲ್ಲಿಂದ ಒಂದು ಡಾಲರೂ ಹೊರಗೆ ಹೋಗದು. ವಿದೇಶಿ ವಿನಿಮಯಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಇರುವ ಬ್ಯಾಂಕೇ ಬೇಕು. ಠೇವಣಿ ಮುರಿಸಿ ವಾಣಿಜ್ಯ ಬ್ಯಾಂಕಿಗೆ ತಂದರೂ, ತಿಕೋಟಾ, ಬಬಲೇಶ್ವರದಂಥ ಊರಿನ ಶಾಖೆಯಲ್ಲಿ ಈ ಕೆಲಸ ನಿತ್ಯ ನಡೆಯುವಂಥದ್ದಲ್ಲ. ಕಾಗದ ದೊಡ್ಡ ಊರಿನ ವಿದೇಶಿ ವಿನಿಮಯ ಶಾಖೆಗೆ ಹೋಗಿ ಬರಬೇಕು. ಹೊಸದಾಗಿ ಖಾತೆ ತೆರೆದವರು ವಿದೇಶದಲ್ಲಿ ಠೇವಣಿ ಇಡುತ್ತೇನೆಂದರೆ ಬ್ಯಾಂಕು ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ಕೇಳುವ ಹಕ್ಕು ಪಡೆದಿದೆ. ವೀಸಾ ಕಚೇರಿಯವರಂತೂ ನಿನ್ನೆ ಬಂದು ಬಿದ್ದ ದೊಡ್ಡ ಮೊತ್ತವನ್ನು ಅನುಮಾನದಿಂದಲೇ ನೋಡುತ್ತಾರೆ. ಹೀಗಾಗಿ ಮಗ ಮುಂದಿನ ವರ್ಷ ಹೋಗುವವನಾದರೆ ಈ ವರ್ಷದ ಮಣೂಕದ ದುಡ್ಡೇ ವಾಣಿಜ್ಯ ಬ್ಯಾಂಕಿನ ಮೂಲಕ ಬರಲಿ. ದಲಾಲರ ಪಟ್ಟಿ, ಪಹಣಿ ಒಂದು ಫೈಲಿನಲ್ಲಿರಲಿ. ಪತ್ತಿನ ಸಂಘದ ಠೇವಣಿಗೆ ಬ್ಯಾಂಕಿನ ಠೇವಣಿಗಿರುವ 5 ಲಕ್ಷದ ವಿಮೆಯೂ ಇಲ್ಲ ಎನ್ನುವುದು ಬೇರೆ ಮಾತು.

ಹವಾಲಾದಲ್ಲಿ ಕಳಿಸಿದರೆ ಒಂದೇ ದಿನದಲ್ಲಿ ಮುಟ್ಟುತ್ತದೆ ಎಂದು ಹೇಳುವವರು ಕರಾವಳಿಯಲ್ಲೂ ಇದ್ದಾರೆ, ಇಲ್ಲೂ ಸಿಗುತ್ತಾರೆ. ಫೆಮಾದಲ್ಲಿ ದಂಡ ಮೊತ್ತದ ಮೂರು ಪಟ್ಟಿನವರೆಗೆ ಇದೆ. ಅದಕ್ಕಿಂತ ದೊಡ್ಡದು, ಆ ಹಣಕ್ಕೆ ಎಲ್ಲೂ ಕಾಗದ ಇರುವುದಿಲ್ಲ. ವೀಸಾಕ್ಕೂ ತೋರಿಸಲಾಗದು, ಮನೆ ಕೊಳ್ಳುವಾಗಲೂ ತೋರಿಸಲಾಗದು.

ಬಡ್ಡಿಯ ಬಗ್ಗೆ ಕೇಳುವವರು ನಮ್ಮಲ್ಲಿ ಬಹಳ, ಕೇಳಬೇಕಾದದ್ದೂ ಹೌದು. ಕೆನಡಾದ ಜಿಐಸಿ ಹುಟ್ಟುಗುಣದಲ್ಲೇ ಬಡ್ಡಿಯ ಠೇವಣಿ. ಜರ್ಮನಿಯ ತಡೆಹಿಡಿದ ಖಾತೆಯಲ್ಲಿ ಸಾಮಾನ್ಯವಾಗಿ ಬಡ್ಡಿ ಬರುವುದಿಲ್ಲ. ಇಲ್ಲಿನ ಎನ್‌ಆರ್‌ಇ, ಎನ್‌ಆರ್‌ಒ ಎರಡನ್ನೂ ಬಡ್ಡಿಯಿಲ್ಲದ ಚಾಲ್ತಿ ಖಾತೆಯಾಗಿಯೂ ತೆರೆಯಬಹುದು, ಕನಿಷ್ಠ ಮೊತ್ತ ಮಾತ್ರ ಹೆಚ್ಚಿರುತ್ತದೆ. ಭಾರತದಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ತರುವ ಪ್ರಸ್ತಾಪವನ್ನು 2017ರಲ್ಲಿ ರಿಸರ್ವ್ ಬ್ಯಾಂಕ್ ಕೈಬಿಟ್ಟಿತು. ಗಲ್ಫಿನಲ್ಲಿ ಆ ಆಯ್ಕೆ ಮೊದಲಿನಿಂದಲೂ ಇದೆ, ದುಬೈ ಇಸ್ಲಾಮಿಕ್ ಬ್ಯಾಂಕ್ ಶುರುವಾದದ್ದೇ 1975ರಲ್ಲಿ. ಬಂದ ಬಡ್ಡಿಯನ್ನು ಏನು ಮಾಡಬೇಕೆಂಬುದನ್ನು ತಿಳಿದ ಉಸ್ತಾದರ ಬಳಿ ಕೇಳಿಕೊಳ್ಳಿ, ಅದು ಈ ಅಂಕಣದ ಕೆಲಸವಲ್ಲ.

ತೆರಿಗೆಯ ಒಂದು ಸೂಕ್ಷ್ಮವನ್ನು ಏಜೆಂಟರು ಹೇಳುವುದೇ ಇಲ್ಲ. ನವೆಂಬರಿನಲ್ಲಿ ವಿದೇಶಿ ಖಾತೆ ತೆರೆದ ಹುಡುಗ ಮುಂದಿನ ಆಗಸ್ಟಿನಲ್ಲಿ ಹೊರಟ ಎನ್ನಿ. ಖಾತೆ ತೆರೆದ ಆ ಹಣಕಾಸು ವರ್ಷದಲ್ಲಿ ಅವನು ಇಲ್ಲಿನ ನಿವಾಸಿಯೇ. ಆದಾಯ ಇರಲಿ ಬಿಡಲಿ, ರಿಟರ್ನ್ ಸಲ್ಲಿಸಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಖಾತೆ ತೋರಿಸಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ತೋರಿಸದವರಿಗೆ 10 ಲಕ್ಷದ ದಂಡವಿದೆ. 2024ರ ಅಕ್ಟೋಬರಿನಿಂದ ಸ್ಥಿರಾಸ್ತಿ ಬಿಟ್ಟು ಉಳಿದದ್ದು 20 ಲಕ್ಷ ಮೀರದಿದ್ದರೆ ಆ ದಂಡದಿಂದ ವಿನಾಯಿತಿ ಕೊಟ್ಟಿದ್ದಾರೆ. ವಿನಾಯಿತಿ ಇರುವುದು ದಂಡಕ್ಕೆ, ತೋರಿಸುವ ಕರ್ತವ್ಯಕ್ಕಲ್ಲ. ಖಾತೆಗಳ ಮಾಹಿತಿಯನ್ನು ಎಷ್ಟೋ ದೇಶಗಳು ತಾವಾಗಿಯೇ ಭಾರತಕ್ಕೆ ಕಳಿಸುತ್ತವೆ.

ಕೊನೆಗೆ ಸಿಮ್ ಕಾರ್ಡಿನ ಮಾತು. ಬ್ಯಾಂಕಿನ ಒಟಿಪಿ ಬರುವುದು ಊರಿನ ನಂಬರಿಗೆ. ರೀಚಾರ್ಜ್ ಇಲ್ಲದೆ ಆ ನಂಬರ್ ಸತ್ತರೆ ಸ್ವಂತ ಹಣ ಮುಟ್ಟಲಾಗದೆ ಕೂರಬೇಕು. ಹೊರಡುವ ಮೊದಲು ರೋಮಿಂಗ್ ಮಾಡಿಸಿಕೊಳ್ಳಿ, ಇಲ್ಲವೇ ಅಲ್ಲಿನ ನಂಬರನ್ನು ಬ್ಯಾಂಕಿನಲ್ಲಿ ನೋಂದಾಯಿಸಿ. ಯುಎಇ, ಸೌದಿ, ಕತಾರ್, ಒಮಾನ್, ಬ್ರಿಟನ್, ಕೆನಡಾ ಸೇರಿ ಹತ್ತು ದೇಶಗಳ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಬಳಸಲು 2023ರಲ್ಲೇ ಅನುಮತಿ ಬಂದಿದೆ. ಬಳಸದ ಹಳೆಯ ಖಾತೆ ಇದ್ದರೆ ಮುಚ್ಚಿಯೇ ಹೋಗಿ. ಅದರ ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಗೆಳೆಯನ ಕೈಗೆ ಕೊಟ್ಟು ಹೋದವನ ಖಾತೆಯಲ್ಲಿ ಯಾರದೋ ಸೈಬರ್ ವಂಚನೆಯ ಹಣ ಬಂದು ಹೋದರೆ, ಪೊಲೀಸರು ಹುಡುಕುವುದು ಖಾತೆಯ ಮೇಲೆ ಹೆಸರಿದ್ದವನನ್ನು, ಬಾಗಿಲು ಬಡಿಯುವುದು ಊರಲ್ಲಿರುವ ಅವನ ಉಮ್ಮನ ಮನೆಯದ್ದು.